ಒರೆಸಿ ಜೀರೋ ನೋಡಿದ್ಯಾ, ಜೀರೋ ನೋಡಿ ಒರೆಸಿದ್ಯಾ?

ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ನಾನು ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತೇನೆ. ಲೇತ್‌ನಿಂದಾಗಲಿ ಗ್ರೈಂಡಿಂಗ್ ಮಷಿನ್‌ನಿಂದಾಗಲಿ ಇಳಿದ ಜಾಬ್, ಅಂದರೆ ತಯಾರಾದ ಲೋಹದ ತುಂಡು, ನನ್ನ ಟೇಬಲ್ ದಾಟದೆ ಹೊರಗೆ ಹೋಗುವುದಿಲ್ಲ. ಟೇಬಲ್ ಮೇಲೆ ಒಂದು ಸರ್ಫೇಸ್ ಪ್ಲೇಟ್, ಒಂದು ಹೈಟ್ ಗೇಜ್, ಎರಡು ವರ್ನಿಯರ್, ಐದು ಮೈಕ್ರೋಮೀಟರ್ ಇವೆ. ದಿನಾ ಕೈಗೆ ಬರುವುದು 0ಯಿಂದ 25 ಮಿ.ಮೀ.ವರೆಗೆ ಅಳೆಯುವ ಮೈಕ್ರೋಮೀಟರ್. ಸಿ ಆಕಾರದ ಫ್ರೇಮ್, ಒಂದು ತುದಿಯಲ್ಲಿ ಅಲುಗಾಡದ ಆನ್ವಿಲ್, ಇನ್ನೊಂದು ಕಡೆಯಿಂದ ಸ್ಕ್ರೂ ತಿರುಗಿದಂತೆ ಮುಂದೆ ಬರುವ ಸ್ಪಿಂಡಲ್, ಇವೆರಡರ ಚಪ್ಪಟೆ ಮುಖಗಳ ನಡುವೆ ಜಾಬ್ ಹಿಡಿದು ಅಳೆಯುವುದು. ಏನೂ ಇಡದೆ ಮುಚ್ಚಿದಾಗ ಸೊನ್ನೆ ತೋರಿಸುತ್ತದಾ ಅಂತ ನೋಡುವುದೇ ಜೀರೋ ನೋಡುವುದು. ಇವತ್ತು ಬರೆಯುತ್ತಿರುವುದು ಅದನ್ನು ಒರೆಸಿ ಜೀರೋ ನೋಡುವ ಬಗ್ಗೆ. ಐದು ನಿಮಿಷದ ಕೆಲಸ. ಆದರೆ ಆ ಐದು ನಿಮಿಷ ಉಳಿಸಲು ಹೋಗಿ ಒಮ್ಮೆ ನನ್ನಿಂದ 160 ಶಾಫ್ಟ್ ವಾಪಸ್ ಬಂದವು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆಗ ನಾನು ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. 20 ಮಿ.ಮೀ. ಶಾಫ್ಟ್, ಡ್ರಾಯಿಂಗ್‌ನಲ್ಲಿ ಜಿ6 ಟಾಲರೆನ್ಸ್. ಅಂದರೆ ಅಳತೆ 19.980ರಿಂದ 19.993ರ ಒಳಗೆ ಬರಬೇಕು. ಸಿಗುವ ಜಾಗ ಬರೀ 13 ಮೈಕ್ರಾನ್. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ಜೆರಾಕ್ಸ್ ಅಂಗಡಿಯ ಹಾಳೆ ಸುಮಾರು 100 ಮೈಕ್ರಾನ್ ದಪ್ಪ ಇರುತ್ತದೆ. ಆ ಹಾಳೆಯನ್ನು ಎಂಟು ಪದರ ಸೀಳಿದರೆ ಒಂದು ಪದರ ಎಷ್ಟು ದಪ್ಪವೋ, ನಮಗೆ ಇದ್ದ ಜಾಗ ಹೆಚ್ಚುಕಮ್ಮಿ ಅಷ್ಟೇ.

ಬೆಳಿಗ್ಗೆ ಬಂದು ಮೈಕ್ರೋಮೀಟರ್ ಮುಚ್ಚಿ ನೋಡಿದೆ. 0.012 ಜಾಸ್ತಿ ತೋರಿಸಿತು. ಜೀರೋ ಹೋಗಿದೆ ಅಂದುಕೊಂಡೆ. ಡಬ್ಬಿಯಲ್ಲಿ ಒಂದು ಸಣ್ಣ ಕೊಕ್ಕೆ ಸ್ಪ್ಯಾನರ್ ಇರುತ್ತದೆ ಅಲ್ವಾ, ಅದನ್ನು ತೆಗೆದು ಸ್ಲೀವ್, ಅಂದರೆ ಉದ್ದ ಗೆರೆ ಇರುವ ಕೊಳವೆ, ತಿರುಗಿಸಿ ಗೆರೆಗೆ ಗೆರೆ ಕೂರಿಸಿದೆ. ಈಗ ಜೀರೋ ಸರಿಯಾಯಿತು. ಎರಡು ದಿನದಲ್ಲಿ 160 ಶಾಫ್ಟ್ ಅಳೆದೆ, ಎಲ್ಲವೂ 19.988ರ ಆಸುಪಾಸಿನಲ್ಲೇ ಬಂದವು. ಇಷ್ಟು ಚೆಂದದ ಲಾಟ್ ನಾನು ಅಲ್ಲಿವರೆಗೆ ನೋಡಿರಲಿಲ್ಲ. ಖುಷಿಯಿಂದಲೇ ಸಹಿ ಹಾಕಿ ಕಳಿಸಿದೆ.

ನಾಲ್ಕನೇ ದಿನ ಅಷ್ಟೂ ವಾಪಸ್. ಶಾಫ್ಟ್ ಕೂರಬೇಕಾದ ಬುಷ್ ಎಂಬ ಕೊಳವೆಯ ಒಳಗೆ ಹೋಗುತ್ತಿಲ್ಲ, ಎಲ್ಲವೂ ಬಿಗಿ. ಪಾರ್ಟಿ ಕಡೆಯ ಇನ್‌ಸ್ಪೆಕ್ಟರ್ ಕೂಡ ತಮ್ಮ ಮೈಕ್ರೋಮೀಟರ್ ಹಿಡಿದುಕೊಂಡು ಜೊತೆಗೇ ಬಂದರು. ಅದೇ ಶಾಫ್ಟು, ಅವರದರಲ್ಲಿ 20.000, ನಮ್ಮದರಲ್ಲಿ 19.988. ನಾನು ನಮ್ಮದೇ ಸರಿ ಅಂತ ವಾದಿಸಿದೆ, ಯಾಕೆಂದರೆ ಆ ನಾಲ್ಕೂ ದಿನ ಬೆಳಿಗ್ಗೆ ಜೀರೋ ನೋಡಿದ್ದೆ, ಒಂದು ಗೆರೆಯೂ ಆಚೀಚೆ ಇರಲಿಲ್ಲ. ಅವರು ಏನೂ ಮಾತಾಡಲಿಲ್ಲ. ನನ್ನ ಮೈಕ್ರೋಮೀಟರ್ ತೆಗೆದುಕೊಂಡು, ಜೇಬಿನಿಂದ ಒಂದು ಬಟ್ಟೆ ತೆಗೆದು ಎರಡೂ ಮುಖ ಚೆನ್ನಾಗಿ ಒರೆಸಿದರು. ನಂತರ ನಿಧಾನವಾಗಿ ಮುಚ್ಚಿದರು. ಥಿಂಬಲ್, ಅಂದರೆ ಸ್ಪಿಂಡಲ್ ಜೊತೆ ತಿರುಗುವ ಗೆರೆ ಹಾಕಿದ ಹಿಡಿ, ಜೀರೋ ಹತ್ತಿರ ನಿಲ್ಲಲಿಲ್ಲ. ದಾಟಿ ಹೋಯಿತು, ಸರಿಯಾಗಿ 12 ಮೈಕ್ರಾನ್. ಆಮೇಲೆ 20 ಮಿ.ಮೀ. ಸ್ಲಿಪ್ ಗೇಜ್, ಅಂದರೆ ಅಳತೆ ನಿಖರವಾಗಿ ಗೊತ್ತಿರುವ ಚಪ್ಪಟೆ ಸ್ಟೀಲ್ ತುಂಡು, ಇಟ್ಟು ಅಳೆದರು. 19.988.

ಆಗಿದ್ದು ಇಷ್ಟು. ಆನ್ವಿಲ್‌ನ ಅಂಚಿನಲ್ಲಿ, ಮಷಿನ್‌ನಲ್ಲಿ ಜಾಬ್ ತಂಪಾಗಿರಲು ಹರಿಸುವ ಕೂಲಂಟ್ ಒಣಗಿ, ಅದರಲ್ಲಿ ಗ್ರೈಂಡಿಂಗ್ ಪುಡಿ ಸೇರಿ, ಕಣ್ಣಿಗೆ ಕಾಣದಷ್ಟು ತೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಮುಚ್ಚಿದಾಗ ಎರಡು ಚಪ್ಪಟೆ ಮುಖಗಳ ಮಧ್ಯೆ ಅದು ಅಡ್ಡ ಬರುತ್ತಿತ್ತು. ಶಾಫ್ಟ್ ದುಂಡಗಿರುವುದರಿಂದ ಮುಖಕ್ಕೆ ಒಂದು ಗೆರೆಯಷ್ಟೇ ತಾಕುತ್ತದೆ, ಆ ಗೆರೆ ಕೊಳೆಯನ್ನು ಮುಟ್ಟದೆ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಅಂದರೆ ಜೀರೋ ಮಾತ್ರ ಕೊಳೆಯ ಮೇಲೆ, ಅಳತೆ ಶುದ್ಧ ಲೋಹದ ಮೇಲೆ. ಅದಕ್ಕೇ ದಿನಾ ಜೀರೋ ಸರಿಯಾಗಿ ಕಂಡಿತು, ದಿನಾ ಅಳತೆ 12 ಮೈಕ್ರಾನ್ ಕಮ್ಮಿ ಬಂತು. ಅವರು ಒರೆಸದೆ ಸ್ಲಿಪ್ ಗೇಜ್ ಇಟ್ಟಿದ್ದರೆ, ಅದೂ ಚಪ್ಪಟೆಯಾದ್ದರಿಂದ, ಕೊಳೆಯ ಮೇಲೆ ಕೂತು 20.000 ತೋರಿಸುತ್ತಿತ್ತು. ನಾನು ಗೆದ್ದೆ ಅಂದುಕೊಳ್ಳುತ್ತಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಶಾಫ್ಟ್‌ಗಳು ದಪ್ಪ ಇದ್ದದ್ದು ಪುಣ್ಯ. ತೆಳ್ಳಗಾಗಿದ್ದರೆ ಎಲ್ಲವೂ ಗುಜರಿಗೆ ಹೋಗುತ್ತಿತ್ತು. ನಮ್ಮ ಗ್ರೈಂಡಿಂಗ್ ಅಣ್ಣ ಎರಡು ರಾತ್ರಿ ಕೂತು 160ನ್ನೂ ಮತ್ತೆ ಗ್ರೈಂಡ್ ಮಾಡಿದರು. ಒಂದು ಮಾತೂ ಬಯ್ಯಲಿಲ್ಲ. ಎರಡನೇ ರಾತ್ರಿ ಟೀ ಕುಡಿಯುವಾಗ ಮಾತ್ರ ಕೇಳಿದರು: "ಒಂದು ವಿಷಯ ಹೇಳಮ್ಮ. ಅವತ್ತು ಒರೆಸಿ ಜೀರೋ ನೋಡಿದ್ಯಾ, ಜೀರೋ ನೋಡಿ ಒರೆಸಿದ್ಯಾ?"

"ಒರೆಸಲೇ ಇಲ್ಲ ಅಣ್ಣ" ಅಂದೆ.

ಮರುದಿನ ಬೆಳಿಗ್ಗೆ ಅವರೇ ಪಕ್ಕದಲ್ಲಿ ನಿಂತು ತೋರಿಸಿಕೊಟ್ಟರು. ಕೆಳಗೆ ಬರೆದಿರುವುದರಲ್ಲಿ ಮುಕ್ಕಾಲು ಪಾಲು ಅವರದು, ಉಳಿದದ್ದು ಆಮೇಲೆ ನಾನು ಕೆಲಸ ಮಾಡುತ್ತಾ ಕಲಿತದ್ದು.

ಮೊದಲು ಕೈ. ಎಣ್ಣೆ ಕೈ, ಬೆವರು ಕೈ ಎರಡೂ ಬೇಡ. ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ಮೈಕ್ರೋಮೀಟರಿನ ಹೊರಗಡೆಯೆಲ್ಲಾ ಒರೆಸಿ. ಆಮೇಲೆ ಸ್ಪಿಂಡಲ್. ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಗಮನಿಸುವುದಿಲ್ಲ. ಮೈಕ್ರೋಮೀಟರ್ ಮುಚ್ಚುವ ಹಂತಕ್ಕೆ ಬಂದಾಗ ಸ್ಪಿಂಡಲ್ ಪೂರ್ತಿ ಹೊರಗೆ ಚಾಚಿರುತ್ತದೆ. ಒರೆಸುವುದನ್ನು ಆಗಲೇ ಒರೆಸಬೇಕು. ಹಾಗೇ ತೆರೆದುಬಿಟ್ಟರೆ ಅದರ ಮೈಮೇಲಿನ ಪುಡಿಯೆಲ್ಲಾ ಒಳಗೆ ಹೋಗುತ್ತದೆ, ಒಳಗೆ ಇರುವುದು ಅರ್ಧ ಮಿ.ಮೀ. ಪಿಚ್‌ನ ಸ್ಕ್ರೂ. ಮೈಕ್ರೋಮೀಟರಿನ ಜೀವವೇ ಆ ಸ್ಕ್ರೂ. ಥಿಂಬಲ್ ಒಂದು ಸುತ್ತು ತಿರುಗಿದರೆ ಸ್ಪಿಂಡಲ್ ಅರ್ಧ ಮಿ.ಮೀ. ಹೋಗುತ್ತದೆ, ಆ ಒಂದು ಸುತ್ತನ್ನು 50 ಗೆರೆ ಮಾಡಿದ್ದಾರೆ, ಹಾಗಾಗಿ ಒಂದು ಗೆರೆಗೆ 0.01 ಮಿ.ಮೀ. ನಮ್ಮದರಲ್ಲಿ ಸ್ಲೀವ್ ಮೇಲೆ ವರ್ನಿಯರ್ ಗೆರೆಗಳೂ ಇವೆ, ಅದರಿಂದ 0.001ರವರೆಗೆ ಓದಬಹುದು. 1848ರಲ್ಲಿ ಪಾಮೆರ್ ಎಂಬ ಫ್ರೆಂಚ್ ಮೆಕ್ಯಾನಿಕ್ ಕೈಯಲ್ಲಿ ಹಿಡಿಯುವ ಮೈಕ್ರೋಮೀಟರಿಗೆ ಪೇಟೆಂಟ್ ಪಡೆದಾಗಲೂ ಇದೇ ಸ್ಕ್ರೂ ಲೆಕ್ಕ. ಫ್ರಾನ್ಸಿನವರು ಈಗಲೂ ಇದನ್ನು ಪಾಮೆರ್ ಅಂತಲೇ ಕರೆಯುತ್ತಾರೆ.

ಏರ್ ಗನ್ ಹಿಡಿಯಬೇಡಿ. ದಯವಿಟ್ಟು. ಗಾಳಿ ಹೊಡೆದರೆ ಕೊಳೆ ಹೋದ ಹಾಗೆ ಕಾಣುತ್ತದೆ, ಆದರೆ ಅದರಲ್ಲಿ ಅರ್ಧ ಥಿಂಬಲ್ ಸಂದಿಯೊಳಗೆ ಹೋಗಿರುತ್ತದೆ. ಬಾಯಿಂದ ಊದುವುದೂ ಬೇಡ, ಉಸಿರಿನ ತೇವ ಮುಖದ ಮೇಲೆ ಕೂರುತ್ತದೆ. ಕ್ಯಾಮರಾ ಲೆನ್ಸಿಗೆ ಬಳಸುವ ರಬ್ಬರ್ ಬ್ಲೋವರ್ ಸಾಕು.

ಈಗ ಎರಡು ಮುಖ, ಆನ್ವಿಲ್‌ದು ಮತ್ತು ಸ್ಪಿಂಡಲ್‌ದು. ಕಾಟನ್ ವೇಸ್ಟ್ ಬೇಡ, ಅದು ಎಳೆ ಬಿಡುತ್ತದೆ. ಎಳೆ ಬಿಡದ ಮೆತ್ತನೆ ಬಟ್ಟೆಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿ, ಮುಖದ ಅಂಚಿನವರೆಗೂ ಸುತ್ತ ಒರೆಸಿ. ಮಧ್ಯಕ್ಕಿಂತ ಅಂಚಿನಲ್ಲೇ ಕೊಳೆ ಕೂರುವುದು ಜಾಸ್ತಿ. ಬಟ್ಟೆಯ ಅದೇ ಜಾಗದಿಂದ ಎರಡೂ ಮುಖ ಒರೆಸಬೇಡಿ. ಒಣಗಲು ಅರ್ಧ ನಿಮಿಷ ಬಿಡಿ.

ಆಮೇಲೆ ಪೇಪರ್. ಇದು ಹಳೇ ಕೈಗಳ ಕೆಲಸ, ನನಗೆ ಬಹಳ ಇಷ್ಟ. ಹೊಸ ಬಿಳಿ ಹಾಳೆಯ ಒಂದು ಚೂರನ್ನು ಎರಡು ಮುಖಗಳ ಮಧ್ಯೆ ಇಟ್ಟು, ಮೆಲ್ಲಗೆ ಮುಚ್ಚಿ, ಪೇಪರ್ ಬಿಗಿಯಾಗಿ ಹಿಡಿದುಕೊಂಡಾಗ ನಿಧಾನವಾಗಿ ಎಳೆದುಬಿಡಿ. ಹರಿಯುವಷ್ಟು ಬಿಗಿ ಬೇಡ, ಹರಿದರೆ ನಾರು ಅಲ್ಲೇ ಉಳಿಯುತ್ತದೆ. ಎಳೆದ ಪೇಪರನ್ನು ಬೆಳಕಿಗೆ ಹಿಡಿದು ನೋಡಿ. ಬೂದು ಗೆರೆ ಇದ್ದರೆ ಇನ್ನೂ ಕೊಳೆ ಇದೆ ಅಂತ. ಜಾಗ ಬದಲಿಸಿ ಮತ್ತೆ ಎಳೆಯಿರಿ, ಗೆರೆ ಬರದೇ ಇರುವವರೆಗೂ. ಮೊದಲ ಸಲ ನಾನು ಎಳೆದ ಪೇಪರ್ ಮೇಲೆ ಪೆನ್ಸಿಲ್‌ನಲ್ಲಿ ಗೀಚಿದ ಹಾಗೆ ಕಪ್ಪಾಗಿತ್ತು, ಒರೆಸಿದ ಮೇಲೂ.

ಇಷ್ಟಾದ ಮೇಲೆ ಜೀರೋ ನೋಡುವುದು. ಥಿಂಬಲ್ ಹಿಡಿದು ತಿರುಗಿಸಬೇಡಿ, ಹಿಂದಿನ ರ್‍ಯಾಚೆಟ್ ಹಿಡಿದು ತಿರುಗಿಸಿ. ಮುಖಕ್ಕೆ ಮುಖ ಮುಟ್ಟುವಾಗ ನಿಧಾನ, ಆಮೇಲೆ ಎರಡು ಮೂರು ಸಲ ಟಿಕ್ ಟಿಕ್ ಅಂದರೆ ಸಾಕು. ರ್‍ಯಾಚೆಟ್ ಇರುವುದೇ ಎಲ್ಲರ ಕೈಯಲ್ಲೂ ಒಂದೇ ಒತ್ತಡ ಬೀಳಲಿ ಅಂತ, ಸಾಮಾನ್ಯವಾಗಿ 5ರಿಂದ 10 ನ್ಯೂಟನ್. ಜೋರಾಗಿ ತಿರುಗಿಸಿಕೊಂಡು ಬಂದು ಢಿಕ್ಕಿ ಹೊಡೆಸಿದರೆ ಟಿಕ್ ಅನ್ನುವ ಮೊದಲೇ ಒತ್ತಡ ಜಾಸ್ತಿಯಾಗಿರುತ್ತದೆ, ಸಿ ಆಕಾರದ ಫ್ರೇಮ್ ಕೂಡ ಒಂದಿಷ್ಟು ಬಾಯಿ ಬಿಡುತ್ತದೆ. ಓದುವಾಗ ಗೆರೆಯ ನೇರಕ್ಕೆ ಕಣ್ಣಿರಬೇಕು. ಓರೆಯಾಗಿ ನೋಡಿದರೆ ಒಂದೆರಡು ಮೈಕ್ರಾನ್ ಸುಮ್ನೆ ಕಣ್ಣಿನ ತಪ್ಪು.

ಒಂದು ಸಲ ನೋಡಿ ನಂಬಬೇಡಿ. ತೆರೆದು ಮುಚ್ಚಿ, ತೆರೆದು ಮುಚ್ಚಿ, ಐದು ಸಲ ಓದಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಒಮ್ಮೆ 0.004, ಒಮ್ಮೆ 0.001, ಒಮ್ಮೆ 0.006 ಅಂತ ಬದಲಾಗುತ್ತಿದ್ದರೆ ಅದು ಜೀರೋ ತಪ್ಪಲ್ಲ, ಇನ್ನೂ ಕೊಳೆ ಇದೆ, ಇಲ್ಲ ಕೈ ಸರಿ ಬೀಳುತ್ತಿಲ್ಲ. ವಾಪಸ್ ಪೇಪರಿಗೆ ಹೋಗಿ. ಐದೂ ಸಲ 0.003 ಅಂತಲೇ ಬಂದರೆ ಆಗ ಮಾತ್ರ ಅದನ್ನು ಜೀರೋ ಎರರ್ ಅನ್ನಬಹುದು. ಆದರೆ ನನ್ನ ಕಥೆಯಲ್ಲಿ ಐದು ಸಲ ನೋಡಿದ್ದರೂ 0.012 ಅಂತಲೇ ಬರುತ್ತಿತ್ತು, ಗಟ್ಟಿಯಾಗಿ ಅಂಟಿದ ಕೊಳೆ ಬದಲಾಗುವುದಿಲ್ಲ. ಅದಕ್ಕೇ ಒರೆಸುವುದು ಮೊದಲು, ಓದುವುದು ಆಮೇಲೆ. ನಿನ್ನೆ ಸಂಜೆ ಸರಿ ಇದ್ದ ಮೈಕ್ರೋಮೀಟರ್ ಬೀಳದೆ, ಏಟು ತಿನ್ನದೆ ಇವತ್ತು ಬೆಳಿಗ್ಗೆ 12 ಮೈಕ್ರಾನ್ ಕೆಡುವುದು ಹೇಗೆ? ಆ ಪ್ರಶ್ನೆಯನ್ನು ನಾನು ಅವತ್ತು ಕೇಳಿಕೊಳ್ಳಲಿಲ್ಲ.

ನಿಜವಾಗಿಯೂ ಜೀರೋ ತಪ್ಪಿದ್ದರೆ ಎರಡು ದಾರಿ. ಒಂದೆರಡು ಮೈಕ್ರಾನ್ ಆದರೆ ನಾನು ಸ್ಪ್ಯಾನರ್ ಮುಟ್ಟುವುದಿಲ್ಲ, ಪುಸ್ತಕದಲ್ಲಿ ಬರೆದು ಅಳತೆಯಲ್ಲಿ ಕಳೆಯುತ್ತೇನೆ. ಮುಚ್ಚಿದಾಗ +0.002 ಇದ್ದರೆ ಓದಿದ್ದರಲ್ಲಿ 0.002 ಕಳೆಯಬೇಕು, ಮೈನಸ್ ಇದ್ದರೆ ಕೂಡಬೇಕು. ಅದಕ್ಕಿಂತ ಜಾಸ್ತಿ ಇದ್ದು 0.01ರ ಒಳಗೆ ಇದ್ದರೆ, ಮುಚ್ಚಿದ ಸ್ಥಿತಿಯಲ್ಲೇ ಸ್ಪಿಂಡಲ್ ಲಾಕ್ ಮಾಡಿ, ಸ್ಲೀವ್ ಹಿಂಬದಿಯ ಸಣ್ಣ ತೂತಿಗೆ ಸ್ಪ್ಯಾನರ್ ಕೊಕ್ಕೆ ಹಾಕಿ, ಉದ್ದ ಗೆರೆ ಥಿಂಬಲ್‌ನ ಸೊನ್ನೆಗೆ ಸೇರುವವರೆಗೆ ತಿರುಗಿಸಿ. ಸ್ಲೀವ್ ಬಿಗಿಯಾಗಿರುತ್ತದೆ, ಒಮ್ಮೆಲೇ ಜಾರಿ ಮುಂದೆ ಹೋಗುತ್ತದೆ, ಹಾಗಾಗಿ ಹೆಬ್ಬೆರಳಿನಿಂದ ತಡೆದು ಹಿಡಿದು ಚೂರು ಚೂರೇ ತಳ್ಳಿ. 0.01ಕ್ಕಿಂತ ಜಾಸ್ತಿ ತಪ್ಪಿದ್ದರೆ ಸ್ಲೀವ್‌ನಿಂದ ಎಳೆದಾಡಬೇಡಿ, ಓದುವ ಗೆರೆಯೇ ಪಕ್ಕಕ್ಕೆ ಹೋಗಿಬಿಡುತ್ತದೆ. ಲಾಕ್ ಮಾಡಿ, ಸ್ಪ್ಯಾನರ್‌ನಿಂದ ರ್‍ಯಾಚೆಟ್ ಸಡಿಲಿಸಿ, ಥಿಂಬಲನ್ನು ಬಿಡಿಸಿ ಸೊನ್ನೆಗೆ ತಂದು, ಮತ್ತೆ ರ್‍ಯಾಚೆಟ್ ಬಿಗಿ ಮಾಡಬೇಕು. ಉಳಿದ ಚೂರುಪಾರು ಸ್ಲೀವ್‌ನಲ್ಲಿ ಸರಿ ಮಾಡಿಕೊಳ್ಳಬಹುದು. ಯಾವ ದಾರಿ ಹಿಡಿದರೂ ಲಾಕ್ ಬಿಟ್ಟ ಮೇಲೆ ಇನ್ನೊಮ್ಮೆ ಐದು ಸಲ ನೋಡಿ, ಲಾಕ್ ಹಾಕುವಾಗಲೇ ಒಂದೆರಡು ಮೈಕ್ರಾನ್ ಸರಿಯುವುದುಂಟು.

ಡಿಜಿಟಲ್ ಇರುವವರು ನಮಗೆ ಇದೆಲ್ಲ ಬೇಡ ಅನ್ನುತ್ತಾರೆ. ನನಗೆ ಅವರ ಬಗ್ಗೆಯೇ ಹೆಚ್ಚು ಭಯ. ಸ್ಲೀವ್ ತಿರುಗಿಸಲು ಸ್ಪ್ಯಾನರ್ ಹುಡುಕಬೇಕು, ಅಷ್ಟರಲ್ಲಿ ಯೋಚನೆ ಮಾಡಲು ಒಂದು ನಿಮಿಷವಾದರೂ ಸಿಗುತ್ತದೆ. ಜೀರೋ ಬಟನ್ ಒತ್ತಲು ಒಂದು ಸೆಕೆಂಡ್ ಸಾಕು, ಕೊಳೆ ಎಷ್ಟೇ ಇರಲಿ ಸ್ಕ್ರೀನ್ ಮೇಲೆ 0.000 ಬಂದುಬಿಡುತ್ತದೆ.

ಇನ್ನು ಬಿಸಿ. ಅಳತೆಯ ಲೋಕದಲ್ಲಿ ಎಲ್ಲ ಲೆಕ್ಕವೂ 20 ಡಿಗ್ರಿಗೆ. ನಮ್ಮದು ಶೀಟ್ ಹೊದೆಸಿದ ಶೆಡ್, ಏಪ್ರಿಲ್ ಮಧ್ಯಾಹ್ನ 20 ಡಿಗ್ರಿ ಎಲ್ಲಿಂದ ತರುವುದು! ಆದರೂ ಪರವಾಗಿಲ್ಲ, ಜಾಬ್ ಮತ್ತು ಮೈಕ್ರೋಮೀಟರ್ ಎರಡೂ ಸ್ಟೀಲ್ ಆಗಿ, ಎರಡೂ ಒಂದೇ ಬಿಸಿಯಲ್ಲಿದ್ದರೆ ಎರಡೂ ಒಟ್ಟಿಗೆ ಹಿಗ್ಗುತ್ತವೆ, ತಪ್ಪು ಹೆಚ್ಚುಕಮ್ಮಿ ವಜಾ ಆಗುತ್ತದೆ. ತೊಂದರೆ ಬರುವುದು ಒಂದು ಬಿಸಿ ಒಂದು ತಣ್ಣಗೆ ಇದ್ದಾಗ. ಒಂದು ಮೀಟರ್ ಸ್ಟೀಲ್ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಮಷಿನ್‌ನಿಂದ ಆಗಷ್ಟೇ ಇಳಿದ 20 ಮಿ.ಮೀ. ಶಾಫ್ಟ್ ಮೈಕ್ರೋಮೀಟರಿಗಿಂತ 20 ಡಿಗ್ರಿ ಬಿಸಿ ಇದ್ದರೆ ನಾಲ್ಕೂವರೆ ಮೈಕ್ರಾನ್ ದಪ್ಪ ತೋರಿಸುತ್ತದೆ. 13ರಲ್ಲಿ ನಾಲ್ಕೂವರೆ ಹೋದರೆ ಉಳಿಯುವುದೆಷ್ಟು? ಅದಕ್ಕೇ ಜಾಬನ್ನು ಸರ್ಫೇಸ್ ಪ್ಲೇಟ್ ಪಕ್ಕ ಇಟ್ಟು ಆರಲು ಬಿಡುತ್ತೇನೆ. ಫ್ರೇಮ್ ಮೇಲಿನ ಪ್ಲಾಸ್ಟಿಕ್ ಪಟ್ಟಿ ಇರುವುದು ಅಂದಕ್ಕಲ್ಲ, ಕೈ ಬಿಸಿ ಫ್ರೇಮಿಗೆ ಇಳಿಯದಿರಲಿ ಅಂತ, ಅಲ್ಲೇ ಹಿಡಿಯಿರಿ. 25ರಿಂದ 50 ಅಳೆಯುವ ಮೈಕ್ರೋಮೀಟರಿಗೆ ಜೀರೋ ನೋಡಲು 25 ಮಿ.ಮೀ. ರಾಡ್ ಕೊಟ್ಟಿರುತ್ತಾರೆ, ಅದನ್ನೂ ಪ್ಲಾಸ್ಟಿಕ್ ಇರುವ ಕಡೆ ಮಾತ್ರ ಮುಟ್ಟಿ, ಅದರ ತುದಿಗಳನ್ನೂ ಮುಖದಷ್ಟೇ ಚೆನ್ನಾಗಿ ಒರೆಸಿ.

ಜೀರೋ ಸರಿ ಇದ್ದರೆ ಎಲ್ಲಾ ಸರಿ ಅಂತಲೂ ಅಲ್ಲ. ಜೀರೋ ಹೇಳುವುದು ಒಂದೇ ಜಾಗದ ಮಾತು. ಒಂದೇ ಅಳತೆಯ ಶಾಫ್ಟ್‌ಗಳನ್ನು ವರ್ಷಗಟ್ಟಲೆ ಮಧ್ಯದಲ್ಲೇ ಇಟ್ಟು ಅಳೆದರೆ ಮುಖದ ಮಧ್ಯ ಸವೆದು ತಗ್ಗಾಗುತ್ತದೆ. ಮುಚ್ಚಿದಾಗ ಅಂಚುಗಳು ಕೂಡುತ್ತವೆ, ಜೀರೋ ಬರುತ್ತದೆ, ಶಾಫ್ಟ್ ಮಾತ್ರ ತಗ್ಗಿನಲ್ಲಿ ಕೂತು ಕಮ್ಮಿ ತೋರಿಸುತ್ತದೆ. ಅದನ್ನು ಹಿಡಿಯಲು ಸ್ಲಿಪ್ ಗೇಜ್ ಬೇಕು, ಮುಖದ ಬೇರೆ ಬೇರೆ ಕಡೆ ಸಣ್ಣ ಗುಂಡು ಇಟ್ಟೂ ನೋಡಬಹುದು. ಮೈಕ್ರೋಮೀಟರ್ ಪರೀಕ್ಷೆಗೆ ಬಳಸುವ ಸ್ಲಿಪ್ ಗೇಜ್‌ಗಳ ಅಳತೆ ನೋಡಿದ್ದೀರಾ? 2.5, 5.1, 7.7, 10.3, 12.9, ಹೀಗೇ ಹೋಗುತ್ತದೆ. ಯಾಕೆ 5, 10, 15 ಅಂತ ನೇರ ಇಲ್ಲ ಅಂತ ನನಗೂ ತಲೆ ಕೆಟ್ಟಿತ್ತು. 5, 10, 15 ಇಟ್ಟರೆ ಪ್ರತಿ ಸಲವೂ ಥಿಂಬಲ್ ಸೊನ್ನೆಯಲ್ಲೇ ನಿಲ್ಲುತ್ತದೆ. 5.1ರಲ್ಲಿ 10ನೇ ಗೆರೆ, 7.7ರಲ್ಲಿ 20ನೇ ಗೆರೆ, 10.3ರಲ್ಲಿ 30ನೇ ಗೆರೆ. ಹೀಗೆ ಸುತ್ತಿನ ಬೇರೆ ಬೇರೆ ಜಾಗದಲ್ಲಿ ನಿಂತು ಸ್ಕ್ರೂ ಎಲ್ಲಿ ತಪ್ಪುತ್ತದೆ ಅಂತ ಹೇಳಿಬಿಡುತ್ತದೆ. ಎಷ್ಟು ಚೆಂದದ ಯೋಚನೆ!

ಅವತ್ತು ನಮ್ಮ ಜಗಳ ಮುಗಿಸಿದ್ದೂ ಸ್ಲಿಪ್ ಗೇಜೇ. ಲಂಡನ್ನಿನಲ್ಲಿ ಹೆನ್ರಿ ಮಾಡ್ಸ್ಲೆ ಎಂಬ ಮಷಿನ್ ತಯಾರಕರು 1805ರ ಹೊತ್ತಿಗೆ ತಮ್ಮ ವರ್ಕ್‌ಶಾಪಿಗೆ ಒಂದು ಬೆಂಚ್ ಮೈಕ್ರೋಮೀಟರ್ ಮಾಡಿಕೊಂಡಿದ್ದರು. ಯಾರ ಅಳತೆ ಸರಿ ಅನ್ನುವುದಕ್ಕೆ ಅದು ಹೇಳಿದ್ದೇ ಕೊನೆಯ ಮಾತು, ಅದಕ್ಕೇ ಅದನ್ನು ಆಗಿನ ಇಂಗ್ಲೆಂಡಿನ ದೊಡ್ಡ ನ್ಯಾಯಾಧೀಶರ ಹುದ್ದೆಯ ಹೆಸರಿನಲ್ಲಿ 'ಲಾರ್ಡ್ ಚಾನ್ಸಲರ್' ಅಂತ ಕರೆಯುತ್ತಿದ್ದರು. ನಮ್ಮ ಶೆಡ್ಡಿನಲ್ಲಿ ಆ ಜಾಗ 20 ಮಿ.ಮೀ.ನ ಆ ಸಣ್ಣ ಸ್ಟೀಲ್ ತುಂಡಿನದು. ಅದನ್ನು ಬರಿಗೈಯಲ್ಲಿ ಮುಟ್ಟಲು ಈಗ ಯಾರಿಗೂ ಬಿಡುವುದಿಲ್ಲ.

ಥಿಂಬಲ್ ತಿರುಗಿಸುವಾಗ ಮರಳು ಮರಳು ಅನ್ನಿಸಿದರೆ ಬಿಚ್ಚಿ ತೊಳೆಯುವ ಕಾಲ ಬಂದಿದೆ. ಸ್ಪಿಂಡಲನ್ನು ಪೂರ್ತಿ ತಿರುಗಿಸಿ ಹೊರಗೆ ತೆಗೆದು, ಮೆತ್ತನೆ ಬ್ರಷ್ ಮತ್ತು ವೈಟ್ ಪೆಟ್ರೋಲ್‌ನಲ್ಲಿ ಥ್ರೆಡ್ ತೊಳೆದು, ಒಣಗಿಸಿ, ಹೊಲಿಗೆ ಮಷಿನ್ನಿಗೆ ಹಾಕುವಂಥ ತೆಳು ಎಣ್ಣೆ ಒಂದೇ ಹನಿ. ಗ್ರೀಸ್ ಬೇಡ. ಒಳಗಿನ ನಟ್ ಥ್ರೆಡ್ಡಿನ ಆಟ ಕಮ್ಮಿ ಮಾಡಲು ಇರುವುದು, ಆಟ ಇಲ್ಲದಿದ್ದರೆ ಅದನ್ನು ಮುಟ್ಟಲೇಬೇಡಿ. ಬಿಚ್ಚಿ ಹಾಕಿದ ಮೇಲೆ ಜೀರೋ ಮತ್ತೆ ಮೊದಲಿಂದ.

ಆಯುಧ ಪೂಜೆಯ ದಿನ ನಮ್ಮಲ್ಲಿ ಎಲ್ಲ ಮಷಿನ್ನೂ ತೊಳೆದು, ಹೂವಿಟ್ಟು, ಟೂಲ್‌ಗಳನ್ನೆಲ್ಲ ಸಾಲಾಗಿ ಜೋಡಿಸಿ ಅರಿಶಿನ ಕುಂಕುಮ ಹಚ್ಚುತ್ತೇವೆ. ನನಗೆ ವರ್ಷದಲ್ಲಿ ಅತಿ ಇಷ್ಟದ ದಿನ ಅದು. ಒಂದು ವರ್ಷ ಪೂಜೆಯ ಮರುದಿನ ಮೈಕ್ರೋಮೀಟರ್ ತಿರುಗಿಸಿದರೆ ಸಂದಿಯಿಂದ ಕೆಂಪು ಪುಡಿ ಉದುರಿತು. ಕುಂಕುಮ ಒಳಗೆ ಇಳಿದಿತ್ತು. ಈಗ ಮೈಕ್ರೋಮೀಟರ್‌ಗಳು ಮುಚ್ಚಿದ ಡಬ್ಬಿಯಲ್ಲೇ ಪೂಜೆಗೆ ಕೂರುತ್ತವೆ, ಬೊಟ್ಟು ಡಬ್ಬಿಯ ಮುಚ್ಚಳಕ್ಕೆ. ಗ್ರೈಂಡಿಂಗ್ ಅಣ್ಣನೇ ಪ್ರತಿ ಸಲ ಅದಕ್ಕೆ ಒಂದು ಸೇವಂತಿಗೆ ಇಡುತ್ತಾರೆ.

ಸಂಜೆ ಎತ್ತಿಡುವಾಗ ಮುಖಗಳನ್ನು ಒರೆಸಿ, ತೆಳ್ಳಗೆ ಎಣ್ಣೆ ತಾಗಿಸಿ, ಎರಡೂ ಮುಖಗಳ ನಡುವೆ ಚೂರು ಸಂದಿ ಬಿಟ್ಟು, ಲಾಕ್ ಹಾಕದೆ ಡಬ್ಬಿಗೆ ಇಡುತ್ತೇನೆ. ಬಿಗಿಯಾಗಿ ಮುಚ್ಚಿಟ್ಟರೆ ಬಿಸಿಗೆ ಹಿಗ್ಗಿದಾಗ ಒಂದನ್ನೊಂದು ಒತ್ತುತ್ತವೆ, ತೇವ ನಿಂತರೆ ತುಕ್ಕೂ ಹಿಡಿಯುತ್ತದೆ.

ಆ 160 ಶಾಫ್ಟ್ ಆದ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ದಿನಾ ಬೆಳಿಗ್ಗೆ ಒರೆಸಿದ ಮೇಲೆ ಪ್ರತಿ ಮೈಕ್ರೋಮೀಟರಿನ ಜೀರೋ ಎಷ್ಟು ಬಂತು ಅಂತ ಒಂದು ಸಾಲು. ಮೊನ್ನೆ ಹಳೇ ಪುಟ ತಿರುವಿದಾಗ ಕಂಡಿತು, ಜಾಸ್ತಿ ಬಳಸುವ ಆ ಒಂದು ಮೈಕ್ರೋಮೀಟರ್ ಹೋದ ವರ್ಷ 0.000 ಇತ್ತು, ದೀಪಾವಳಿ ಹೊತ್ತಿಗೆ -0.001, ಈಗ -0.003. ಎಷ್ಟು ಒರೆಸಿದರೂ, ಐದೂ ಸಲ. ಮುಖ ಸವೆದರೆ ಸ್ಪಿಂಡಲ್ ಜೀರೋ ದಾಟಿ ಮುಂದೆ ಹೋಗುತ್ತದೆ, ಅದೇ ಇದು. ಸ್ಪ್ಯಾನರ್ ಮುಟ್ಟಲಿಲ್ಲ. ನೋಟ್‌ಬುಕ್ಕಿನ ಆ ಪುಟಗಳ ಜೆರಾಕ್ಸ್ ಜೊತೆಗಿಟ್ಟು ಕ್ಯಾಲಿಬ್ರೇಶನ್ನಿಗೆ ಕಳಿಸಿದ್ದೇನೆ. ಶುಕ್ರವಾರ ವಾಪಸ್ ಬರುತ್ತದೆ.